ಹೊಲಕ್ಕೆ ತಕ್ಕ ಬೆಳೆ, ಮಕ್ಕಳಿಗೆ ತಕ್ಕ ಓದು

ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ರೈತರ ಮನೆಯಲ್ಲಿ ಎರಡು ಬಿತ್ತನೆಗಳ ಚಿಂತೆ ಒಟ್ಟಿಗೆ ಬರುತ್ತದೆ. ಒಂದು ಹೊಲದ ಬಿತ್ತನೆ, ಇನ್ನೊಂದು ಮಕ್ಕಳ ಓದು. ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಮಗನಾಗಲಿ ಮಗಳಾಗಲಿ ಮುಂದೆ ಏನು ಓದಬೇಕೆಂಬುದು ತೀರ್ಮಾನವಾಗಬೇಕು.

ಹೊಲದ ವಿಚಾರದಲ್ಲಿ ರೈತರು ಬಹಳ ಎಚ್ಚರದಿಂದ ಇರುತ್ತಾರೆ. ಎರೆಮಣ್ಣೋ ಕೆಂಪು ಮಣ್ಣೋ, ನೀರು ನಿಲ್ಲುತ್ತದೆಯೋ ಬಸಿದು ಹೋಗುತ್ತದೆಯೋ, ಬೋರಿನಲ್ಲಿ ಎಷ್ಟು ನೀರಿದೆ ಎಂದು ನೋಡದೆ ಯಾರೂ ಬೀಜ ಕೊಳ್ಳುವುದಿಲ್ಲ. ಪಕ್ಕದ ಊರಿನಲ್ಲಿ ಕಬ್ಬು ಚೆನ್ನಾಗಿ ಬಂತೆಂದು ಖುಷ್ಕಿ ಹೊಲದಲ್ಲಿ ಕಬ್ಬು ನೆಡುವವರಿಲ್ಲ. ಆದರೆ ಮಕ್ಕಳ ಓದಿನ ವಿಚಾರ ಬಂದಾಗ ಇದೇ ಎಚ್ಚರ ಕಾಣುವುದಿಲ್ಲ. ‘ಗೌಡರ ಮಗ ಇಂಜಿನಿಯರಿಂಗ್ ಸೇರಿದ, ನಮ್ಮವನೂ ಸೇರಲಿ’ ಎಂಬಷ್ಟಕ್ಕೇ ತೀರ್ಮಾನ ಮುಗಿದುಹೋಗುತ್ತದೆ.

ಬೆಳೆ ತಪ್ಪಿದರೆ ಒಂದು ಹಂಗಾಮು ಹೋಗುತ್ತದೆ. ಓದು ತಪ್ಪಿದರೆ ಮೂರು ನಾಲ್ಕು ವರ್ಷ ಹೋಗುತ್ತದೆ, ಕೆಲವು ಮನೆಗಳಲ್ಲಿ ಅದರೊಡನೆ ಎಕರೆ ಜಮೀನೂ ಹೋಗುತ್ತದೆ. ಆದ್ದರಿಂದ ಓದನ್ನು ಆರಿಸುವಾಗಲೂ ಮಣ್ಣು ಪರೀಕ್ಷೆಯ ಕ್ರಮವನ್ನೇ ಅನುಸರಿಸುವುದು ಒಳ್ಳೆಯದು. ಮೊದಲು ಮಗುವಿನ ಶಕ್ತಿ ಮತ್ತು ಒಲವನ್ನು ತಿಳಿಯಬೇಕು, ಆಮೇಲೆ ಆ ಓದಿನಲ್ಲಿ ದಿನನಿತ್ಯ ಏನು ಕೆಲಸವಿದೆ ಎಂದು ತಿಳಿಯಬೇಕು, ಕೊನೆಗೆ ಖರ್ಚಿನ ಲೆಕ್ಕ ಹಾಕಬೇಕು. ನಮ್ಮಲ್ಲಿ ಈ ಕ್ರಮ ಅನೇಕ ವೇಳೆ ತಲೆಕೆಳಗಾಗಿ, ಸೀಟು ಮೊದಲು, ಸಾಲ ಆಮೇಲೆ, ಮಗುವಿನ ಮನಸ್ಸು ಕೊನೆಗೆ ಎಂಬಂತಾಗಿದೆ.

ಬಾಗಿಲು ಮುಚ್ಚುವುದು ಎಲ್ಲಿ?

ಪದವಿಯ ವಿಷಯವನ್ನು ಪಿ.ಯು.ಸಿ. ಆದ ಮೇಲೆ ಆರಿಸುತ್ತೇವೆ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವವಾಗಿ ಅರ್ಧ ಆಯ್ಕೆ ಹತ್ತನೆಯ ತರಗತಿ ಮುಗಿದ ಕೂಡಲೇ ಆಗಿಬಿಡುತ್ತದೆ. ಪಿ.ಯು.ಸಿ.ಯಲ್ಲಿ ತೆಗೆದುಕೊಳ್ಳುವ ವಿಷಯಗಳ ಗುಂಪು ಮುಂದಿನ ದಾರಿಗಳನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ.

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ ಸೇರಿದ ಪಿ.ಸಿ.ಎಂ.ಬಿ. ತೆಗೆದುಕೊಂಡವರಿಗೆ ಇಂಜಿನಿಯರಿಂಗ್, ವೈದ್ಯಕೀಯ, ಪಶುವೈದ್ಯಕೀಯ, ಕೃಷಿ ಎಲ್ಲ ದಾರಿಗಳೂ ತೆರೆದಿರುತ್ತವೆ. ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನವಿರುವ ಪಿ.ಸಿ.ಎಂ.ಸಿ. ತೆಗೆದುಕೊಂಡರೆ ಡಾಕ್ಟರಿಕೆ, ಪಶುವೈದ್ಯಕೀಯ, ಬಿ.ಎಸ್ಸಿ. ಕೃಷಿಯ ಬಾಗಿಲುಗಳು ಮುಚ್ಚುತ್ತವೆ. ಗಣಿತ ಬಿಟ್ಟವರಿಗೆ ಕೃಷಿ ಇಂಜಿನಿಯರಿಂಗ್ ಸೇರಿದಂತೆ ಯಾವ ಇಂಜಿನಿಯರಿಂಗ್ ಪದವಿಯೂ ಸಿಗುವುದಿಲ್ಲ. ಮಗಳಿಗೆ ದನಕರುಗಳ ಡಾಕ್ಟರಾಗುವ ಆಸೆಯಿದ್ದು, ಹತ್ತಿರದ ಕಾಲೇಜಿನಲ್ಲಿ ಜೀವಶಾಸ್ತ್ರವಿಲ್ಲವೆಂದು ಬೇರೆ ಗುಂಪಿಗೆ ಸೇರಿಸಿದರೆ ಎರಡು ವರ್ಷದ ನಂತರ ಯಾರ ಶಿಫಾರಸೂ ಉಪಯೋಗಕ್ಕೆ ಬರುವುದಿಲ್ಲ.

ವಿಜ್ಞಾನ ಓದಿದವರು ಮುಂದೆ ಕಲೆ, ವಾಣಿಜ್ಯ ಅಥವಾ ಕಾನೂನಿನ ಕಡೆ ಹೊರಳಬಹುದು. ಕಲೆ ಓದಿದವರು ಇಂಜಿನಿಯರಿಂಗಿಗೆ ಹೋಗಲಾರರು. ಇದನ್ನು ಕೇಳಿ ‘ಹಾಗಾದರೆ ಎಲ್ಲರೂ ವಿಜ್ಞಾನವನ್ನೇ ತೆಗೆದುಕೊಳ್ಳಲಿ’ ಎನ್ನುವುದೂ ಸರಿಯಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗನಿಗೆ ವಿಜ್ಞಾನ ವಿಭಾಗದಲ್ಲಿ ಪಾಠವೂ ಹೊಸದು, ಇಂಗ್ಲಿಷ್ ಪುಸ್ತಕವೂ ಹೊಸದು. ಗಣಿತದಲ್ಲಿ ಮೊದಲೇ ತಡವರಿಸುತ್ತಿದ್ದರೆ ಎರಡೂ ಹೊರೆ ಒಟ್ಟಿಗೆ ಬೀಳುತ್ತವೆ. ಬಾಗಿಲು ತೆರೆದಿದ್ದರೆ ಸಾಲದು, ಅದರೊಳಗೆ ನಡೆದುಹೋಗುವ ಶಕ್ತಿಯೂ ಇರಬೇಕು.

ಮಕ್ಕಳ ಮಣ್ಣು ಪರೀಕ್ಷೆ

‘ಬೆಳೆಯ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಇಲ್ಲಿಗೆ ಒಪ್ಪುತ್ತದೆ. ಅಂಕಪಟ್ಟಿ ನೋಡುವ ಮೊದಲು ಮಗು ಹೇಳಿಸಿಕೊಳ್ಳದೆ ಯಾವ ಕೆಲಸಕ್ಕೆ ಕೈ ಹಾಕುತ್ತದೆ ಎಂದು ಗಮನಿಸಬೇಕು.

ಪಂಪ್‌ಸೆಟ್ಟಿನ ಸ್ಟಾರ್ಟರು ಕೆಟ್ಟರೆ ಬಿಚ್ಚಿ ನೋಡುವವನು ಒಬ್ಬ. ಹಾಲಿನ ಡೇರಿಯ ಪಾಸ್‌ಪುಸ್ತಕ ಹಿಡಿದು, ಈ ವಾರ ಫ್ಯಾಟು ಕಡಿಮೆಯಾಗಿ ಇಷ್ಟು ರೂಪಾಯಿ ಹೋಯಿತು ಎಂದು ಲೆಕ್ಕ ಹೇಳುವವಳು ಇನ್ನೊಬ್ಬಳು. ಹಸು ಮೇವು ಬಿಟ್ಟದ್ದನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಾಣುವವನು ಮತ್ತೊಬ್ಬ. ಓಣಿಯ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುವವರಿದ್ದಾರೆ, ವಾಚನಾಲಯದಲ್ಲಿ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಪಂಚಾಯಿತಿ ವಿಷಯದಲ್ಲಿ ವಾದ ಮಾಡುವವರೂ ಇದ್ದಾರೆ. ಇವೆಲ್ಲ ಮಗುವಿನ ಒಲವಿನ ಗುರುತುಗಳು.

ಆದರೆ ಗುರುತು ಕಂಡಕೂಡಲೇ ದೊಡ್ಡ ಪದವಿಯ ಹೆಸರು ಹೇಳಿಬಿಡಬಾರದು. ಸ್ಟಾರ್ಟರು ಬಿಚ್ಚುವ ಹುಡುಗನಿಗೆ ಕೈಕೆಲಸ ಇಷ್ಟವಿರಬಹುದು, ಗಣಿತದ ಸೂತ್ರಗಳು ಇಷ್ಟವಿಲ್ಲದಿರಬಹುದು. ಅಂಥವನಿಗೆ ಎಸ್.ಎಸ್.ಎಲ್.ಸಿ. ನಂತರ ಐ.ಟಿ.ಐ. ಅಥವಾ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಹೆಚ್ಚು ಒಗ್ಗುತ್ತದೆ. ಡಿಪ್ಲೊಮಾ ಮುಗಿಸಿದವನಿಗೆ ಮುಂದೆ ಓದುವ ಹುಮ್ಮಸ್ಸು ಬಂದರೆ, ಅದಕ್ಕೆಂದೇ ಇರುವ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಕೈಯಿಂದ ಕಲಿತು ಆಮೇಲೆ ಪುಸ್ತಕಕ್ಕೆ ಬರುವವರಿಗೆ ಇದು ಒಳ್ಳೆಯ ದಾರಿ.

ಶಾಲೆಯ ಮೇಷ್ಟರನ್ನು ಕೇಳುವುದೂ ಮುಖ್ಯ. ‘ನಮ್ಮ ಹುಡುಗ ಪಾಸಾಗುತ್ತಾನೆಯೇ ಸಾರ್?’ ಎಂದು ಕೇಳುವ ಬದಲು, ‘ಯಾವ ಪಾಠದಲ್ಲಿ ಇವನು ತಾನಾಗಿ ಪ್ರಶ್ನೆ ಕೇಳುತ್ತಾನೆ ಸಾರ್?’ ಎಂದು ಕೇಳಿ. ಈ ಎರಡನೆಯ ಪ್ರಶ್ನೆಗೆ ಸಿಗುವ ಉತ್ತರದಿಂದ ಹೆಚ್ಚು ಪ್ರಯೋಜನವಿದೆ.

ರೈತನ ಮಗ ಕೃಷಿಯನ್ನೇ ಓದಬೇಕೆ?

ಬೇಸಾಯದ ಮನೆಯವರಿಗೆ ಕೃಷಿ ಪದವಿಗಳ ಮೇಲೆ ಸಹಜವಾದ ಒಲವಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಅವಕಾಶವೂ ಸಾಕಷ್ಟಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ, ಧಾರವಾಡದ್ದು 1986ರಲ್ಲಿ, ರಾಯಚೂರಿನದು 2009ರಲ್ಲಿ ಆರಂಭವಾದವು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ 2008ರದು. ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ಎರಡಕ್ಕೂ ಸೇರಿದ ವಿಶ್ವವಿದ್ಯಾಲಯವಿದೆ. ಪಶುವೈದ್ಯಕೀಯ, ಹೈನು ಮತ್ತು ಮೀನುಗಾರಿಕೆಯ ಓದಿಗೆ ಬೀದರಿನಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವಿದೆ. ದೇಶದ ಮೊದಲ ಮೀನುಗಾರಿಕೆ ಕಾಲೇಜು ಸ್ಥಾಪನೆಯಾದದ್ದು ನಮ್ಮ ಮಂಗಳೂರಿನಲ್ಲಿ, 1969ರಲ್ಲಿ. ಅರಣ್ಯಶಾಸ್ತ್ರಕ್ಕೆ ಶಿರಸಿ ಮತ್ತು ಪೊನ್ನಂಪೇಟೆ, ರೇಷ್ಮೆಗೆ ಚಿಂತಾಮಣಿ ಹೆಸರಾದ ಸ್ಥಳಗಳು.

ಹೆಸರುಗಳನ್ನು ತಿಳಿದ ಮೇಲೆ ಒಳಗಿನ ಕೆಲಸವನ್ನು ತಿಳಿಯಬೇಕು. ಬಿ.ಎಸ್ಸಿ. ಕೃಷಿ ಎಂದರೆ ನಾಲ್ಕು ವರ್ಷ ಹೊಲದಲ್ಲಿ ಕೆಲಸ ಮಾಡುವುದಲ್ಲ. ಬೇಸಾಯಶಾಸ್ತ್ರ, ಮಣ್ಣು ವಿಜ್ಞಾನ, ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ, ತಳಿ ಅಭಿವೃದ್ಧಿ, ಕೃಷಿ ಅರ್ಥಶಾಸ್ತ್ರ, ವಿಸ್ತರಣೆ ಹೀಗೆ ಅನೇಕ ವಿಷಯಗಳನ್ನು ಇಂಗ್ಲಿಷಿನಲ್ಲಿ ಓದಬೇಕು. ಕಾಯಿಕೊರಕ ಹುಳುವನ್ನು ಹೊಲದಲ್ಲಿ ಗುರುತಿಸುವ ರೈತನ ಮಗ ಇಲ್ಲಿ ಅದರ ಶಾಸ್ತ್ರೀಯ ಹೆಸರು, ಜೀವನಚಕ್ರ, ಹತೋಟಿ ಕ್ರಮ ಎಲ್ಲವನ್ನೂ ಬರೆಯಬೇಕು. ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ಉಳಿದು ರೈತರೊಡನೆ ಕೆಲಸ ಮಾಡುವ ಕಾರ್ಯಾನುಭವವಿರುತ್ತದೆ. ನಮ್ಮ ಊರುಗಳಿಗೆ ಬಂದು ಮಣ್ಣು ಪರೀಕ್ಷೆ, ಬೀಜೋಪಚಾರ ತೋರಿಸುವ ವಿದ್ಯಾರ್ಥಿಗಳು ಇವರೇ. ಓದು ಮುಗಿಸಿದವರು ಕೃಷಿ ಇಲಾಖೆ, ಬ್ಯಾಂಕು, ಬೀಜ ಮತ್ತು ಗೊಬ್ಬರದ ಕಂಪನಿಗಳು, ಸಂಶೋಧನೆ ಇತ್ಯಾದಿಗಳ ಕಡೆ ಹೋಗುತ್ತಾರೆ. ಊರಿಗೆ ಮರಳಿ ಸ್ವಂತ ಬೇಸಾಯ ಮಾಡುವವರೂ ಇದ್ದಾರೆ. ಆದರೆ ಬೇಸಾಯ ಮಾಡಲು ಈ ಪದವಿ ಕಡ್ಡಾಯವಲ್ಲ, ಈ ಪದವಿ ಪಡೆದವನು ಬೇಸಾಯವನ್ನೇ ಮಾಡಬೇಕೆಂದೂ ಇಲ್ಲ.

ಪಶುವೈದ್ಯಕೀಯ ಪದವಿಗೆ ಒಂದು ವರ್ಷದ ಪ್ರಾಯೋಗಿಕ ಸೇವೆಯೂ ಸೇರಿ ಐದೂವರೆ ವರ್ಷ ಹಿಡಿಯುತ್ತದೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ ಮುಂತಾದೆಡೆ ಈ ಕಾಲೇಜುಗಳಿವೆ. ಹಸು ಗಬ್ಬವಾಗಿದೆಯೇ ಎಂದು ಭುಜದವರೆಗೆ ಕೈ ಹಾಕಿ ನೋಡುವುದು, ಕರು ಅಡ್ಡ ತಿರುಗಿದಾಗ ರಾತ್ರಿ ಎರಡು ಗಂಟೆಗೆ ಎದ್ದು ಹೋಗುವುದು, ಸತ್ತ ಪ್ರಾಣಿಯನ್ನು ಕೊಯ್ದು ಕಾರಣ ಹುಡುಕುವುದು ಈ ಉದ್ಯೋಗದ ದಿನನಿತ್ಯದ ಕೆಲಸ. ಇದನ್ನು ಕೇಳಿ ಹಿಂಜರಿಯದ ಹುಡುಗ ಹುಡುಗಿಯರಿಗೆ ಇದು ತಕ್ಕ ಓದು. ಹೈನು ತಂತ್ರಜ್ಞಾನ ಎಂಬ ಓದು ಹೆಸರಿನಲ್ಲಿ ಹತ್ತಿರವಿದ್ದರೂ ಕೆಲಸ ಬೇರೆ. ಅಲ್ಲಿ ಹಸುವಿಗಿಂತ ಹಾಲಿನ ಕಾರ್ಖಾನೆಯ ಯಂತ್ರ, ಶೀತಲೀಕರಣ, ರಸಾಯನಶಾಸ್ತ್ರ ಹೆಚ್ಚು. ಯಂತ್ರದ ಒಲವಿರುವ ರೈತನ ಮಗನಿಗೆ ಕೃಷಿ ಇಂಜಿನಿಯರಿಂಗ್ ಒಗ್ಗಬಹುದು. ಟ್ರ್ಯಾಕ್ಟರು, ಹನಿ ನೀರಾವರಿ, ಕೊಯ್ಲಿನ ನಂತರದ ಸಂಸ್ಕರಣೆ ಅಲ್ಲಿನ ವಿಷಯಗಳು.

ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗೆಂದು ಮೀಸಲಾದ ಸೀಟುಗಳಿವೆ. ಅದಕ್ಕೆ ಸಿ.ಇ.ಟಿ. ಜೊತೆಗೆ ಬೀಜ, ಉಪಕರಣ ಮುಂತಾದ ಬೇಸಾಯದ ವಸ್ತುಗಳ ಪರಿಚಯವನ್ನು ನೋಡುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ರ‍್ಯಾಂಕಿನಲ್ಲಿ ಅದರ ಅಂಕಗಳಿಗೂ ಪಾಲುಂಟು. ಹೊಲದಲ್ಲಿ ನಿಜವಾಗಿ ಕೈಯಾಡಿಸಿದ ಮಕ್ಕಳಿಗೆ ಇದು ಅನುಕೂಲ. ಆದರೆ ಮೀಸಲು ಸೀಟು ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ, ಸಸ್ಯಗಳಲ್ಲಿ ಆಸಕ್ತಿಯಿಲ್ಲದ ಮಗನನ್ನು ಅಲ್ಲಿ ಕೂರಿಸಬೇಡಿ. ಅವನಿಗೂ ಕಷ್ಟ, ಆಸೆಯಿಂದ ಕಾದಿದ್ದ ಇನ್ನೊಬ್ಬ ರೈತನ ಮಗನಿಗೂ ನಷ್ಟ.

ಬಿ.ಎ., ಬಿ.ಕಾಂ. ಕೀಳೇನಲ್ಲ

ಹಳ್ಳಿಗಳಲ್ಲಿ ‘ಬೇರೇನೂ ಸಿಗದವರು ಬಿ.ಎ. ಓದುತ್ತಾರೆ’ ಎಂಬ ಮಾತಿದೆ. ಇದು ತಪ್ಪು ತಿಳಿವಳಿಕೆ. ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳಿಗೆ ಮತ್ತು ಬ್ಯಾಂಕಿನ ಬಹುಪಾಲು ಹುದ್ದೆಗಳಿಗೆ ಯಾವುದೇ ಪದವಿ ನಡೆಯುತ್ತದೆ. ಕಾನೂನಿನ ಐದು ವರ್ಷದ ಪದವಿಗೆ ಯಾವ ವಿಭಾಗದ ಪಿ.ಯು.ಸಿ. ಆದವರೂ ಸೇರಬಹುದು. ಜಮೀನಿನ ಪಹಣಿ, ಪಾಲುಪಟ್ಟಿ, ವ್ಯಾಜ್ಯಗಳ ನಡುವೆ ಬದುಕುವ ನಮ್ಮ ಜನಕ್ಕೆ ಒಳ್ಳೆಯ ವಕೀಲರ ಅಗತ್ಯ ಕಡಿಮೆಯೇನಿಲ್ಲ. ಲೆಕ್ಕದಲ್ಲಿ ಚುರುಕಾದ ಹುಡುಗಿಗೆ ವಾಣಿಜ್ಯ ವಿಭಾಗದಿಂದ ಲೆಕ್ಕಪರಿಶೋಧಕಿಯಾಗುವ ದಾರಿಯಿದೆ. ಅದು ಕಠಿಣ ಪರೀಕ್ಷೆಗಳ ದಾರಿ, ಆದರೆ ಅದರಲ್ಲಿ ಲಕ್ಷಗಟ್ಟಲೆ ಕೊಟ್ಟು ಸೀಟು ಕೊಳ್ಳುವ ಮಾತಿಲ್ಲ.

ಶಿಕ್ಷಕರಾಗಬೇಕೆನ್ನುವವರು ಪದವಿಯ ವಿಷಯಗಳನ್ನು ಎಚ್ಚರದಿಂದ ಆರಿಸಬೇಕು. ಪ್ರೌಢಶಾಲೆಯಲ್ಲಿ ಯಾವ ಪಾಠ ಹೇಳಬಹುದೆಂಬುದು ಪದವಿಯಲ್ಲಿ ಏನು ಓದಿದ್ದಾರೆ ಎಂಬುದರ ಮೇಲೆ ನಿಲ್ಲುತ್ತದೆ. ಬಿ.ಇಡ್. ಈಗ ಎರಡು ವರ್ಷದ ಓದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾಜ್ಯದಲ್ಲಿ 2021ರಲ್ಲಿ ಬಂದಿದ್ದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಯನ್ನು ತರಲಾಗಿದೆ.

ತಾಲ್ಲೂಕು ಕಾಲೇಜಿಗೆ ಸೇರಿಸುವಾಗ, ಮಗು ಬಯಸಿದ ವಿಷಯಕ್ಕೆ ಅಲ್ಲಿ ಅಧ್ಯಾಪಕರಿದ್ದಾರೆಯೇ, ವಿಜ್ಞಾನವಾದರೆ ಪ್ರಯೋಗಶಾಲೆ ನಡೆಯುತ್ತಿದೆಯೇ ಎಂದು ಖುದ್ದಾಗಿ ಹೋಗಿ ನೋಡಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಅನೇಕ ಮನೆಗಳಲ್ಲಿ ಮಗಳ ಓದನ್ನು ಅವಳ ಬುದ್ಧಿಗಿಂತ ಬಸ್ಸಿನ ವೇಳೆ ತೀರ್ಮಾನಿಸುತ್ತದೆ. ಸಂಜೆಯ ಬಸ್ಸಿಲ್ಲವೆಂದು ಅವಳ ಆಸೆಯ ವಿಷಯವನ್ನು ಬಿಡಿಸುವ ಮೊದಲು ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳನ್ನು ವಿಚಾರಿಸಿ.

ಗುಂಟೆಯಲ್ಲಿ ಪ್ರಯೋಗ, ಆಮೇಲೆ ಎಕರೆಗೆ

ಹೊಸ ತಳಿಯನ್ನು ರೈತ ಮೊದಲು ನಾಲ್ಕು ಗುಂಟೆಯಲ್ಲಿ ಹಾಕಿ ನೋಡುತ್ತಾನೆ. ಓದಿಗೂ ಇಂಥ ಪ್ರಯೋಗ ಸಾಧ್ಯ, ಖರ್ಚೂ ಹೆಚ್ಚಿಲ್ಲ. ಪರೀಕ್ಷೆ ಮುಗಿದ ರಜೆಯಲ್ಲಿ ಮಗನನ್ನು ಹೋಬಳಿಯ ಪಶು ಆಸ್ಪತ್ರೆಗೆ ಒಂದು ವಾರ ಕಳುಹಿಸಿ, ವೈದ್ಯರ ಒಪ್ಪಿಗೆ ಪಡೆದು ನೋಡಲಿ. ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳೊಡನೆ, ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳೊಡನೆ ಮಾತನಾಡಲಿ. ಪಟ್ಟಣದ ವಕೀಲರ ಕಚೇರಿಯಲ್ಲಿ, ಲೆಕ್ಕಪತ್ರದವರ ಅಂಗಡಿಯಲ್ಲಿ ಕೆಲವು ದಿನ ಕುಳಿತು ಬರಲಿ. ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಮೇಳಗಳಿಗೆ ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ. ನೀವು ಬೀಜದ ಮಳಿಗೆ ನೋಡುವಾಗ ಅವರು ಅಲ್ಲಿನ ವಿದ್ಯಾರ್ಥಿಗಳನ್ನು ಮಾತನಾಡಿಸಲಿ.

ಆ ಓದಿನ ಎರಡನೆಯ ವರ್ಷದಲ್ಲಿರುವವರನ್ನು ಮೂರು ಪ್ರಶ್ನೆ ಕೇಳಬೇಕು: ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತೀರಿ? ಅತ್ಯಂತ ಕಷ್ಟದ ವಿಷಯ ಯಾವುದು? ಮತ್ತೆ ಆರಿಸುವ ಅವಕಾಶ ಬಂದರೆ ಇದನ್ನೇ ಆರಿಸುತ್ತೀರಾ? ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಈ ಉತ್ತರಗಳು ಸಿಗುವುದಿಲ್ಲ.

ಜಮೀನಿಗೆ ಕೈ ಹಾಕುವ ಮುನ್ನ

ಖರ್ಚಿನ ಲೆಕ್ಕದಲ್ಲಿ ಕಾಲೇಜಿನ ಶುಲ್ಕ ಒಂದು ಪಾಲು ಮಾತ್ರ. ಹಾಸ್ಟೆಲು, ಊಟ, ಬಸ್ಸು, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲವನ್ನೂ ಪೂರ್ತಿ ವರ್ಷಗಳಿಗೆ ಗುಣಿಸಿ ಬರೆಯಬೇಕು. ಶುಲ್ಕಕ್ಕಿಂತ ಹೆಚ್ಚಾಗಿ, ರಸೀದಿಯಿಲ್ಲದೆ ‘ವಂತಿಗೆ’ ಕೇಳುವ ಕಡೆ ಹೋಗಲೇಬಾರದು. ಇಂಥ ವಸೂಲಿಯನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ 1984ರಲ್ಲೇ ಆಗಿದೆ.

ಸಾಲ ಬೇಕಾದರೆ ಊರಿನ ಲೇವಾದೇವಿಯವರಿಗಿಂತ ಮೊದಲು ಬ್ಯಾಂಕಿಗೆ ಹೋಗಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿ ಅಡವು ಬೇಕಿಲ್ಲ. ತೀರುವಳಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ನಂತರ ಶುರುವಾಗುತ್ತದೆ, ಆದರೆ ಬಡ್ಡಿ ಮೊದಲಿನಿಂದಲೇ ಏರುತ್ತಿರುತ್ತದೆ ಎಂಬುದು ನೆನಪಿರಲಿ. ಮಗು ಕೇಳದ ಓದಿಗೆ, ಆಡಳಿತ ಮಂಡಳಿಯ ದುಬಾರಿ ಸೀಟಿಗೆ ಜಮೀನು ಮಾರುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಓದು ಕೈಗೆ ಹತ್ತದಿದ್ದರೆ ಮರಳಿ ಬರುವ ಹುಡುಗನಿಗೆ ಹೊಲವೂ ಉಳಿದಿರುವುದಿಲ್ಲ.

ಕಾಗದ ಪತ್ರಗಳ ಎಚ್ಚರ

ಸಿ.ಇ.ಟಿ. ಮೂಲಕ ಸೀಟು ಪಡೆಯುವಾಗ ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಇದೆ. ಇದಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ನಿಗದಿತ ನಮೂನೆಯಲ್ಲಿ ಬೇಕು. ಶಾಲೆ ಬದಲಿಸಿದ ಮಕ್ಕಳು ಪ್ರತಿ ಶಾಲೆಯಿಂದಲೂ ತರಬೇಕಾಗುವುದರಿಂದ ಕೊನೆಯ ವಾರಕ್ಕೆ ಬಿಡಬಾರದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನೂ ನಾಡಕಚೇರಿಯಿಂದ ಮುಂಚೆಯೇ ಪಡೆದಿಡಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಆದ್ದರಿಂದ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಕೈಪಿಡಿಯನ್ನು ಓದಬಲ್ಲವರಿಂದ ಓದಿಸಿ ಕೇಳುವುದು ಕ್ಷೇಮ. ಸಿ.ಇ.ಟಿ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ, ವೈದ್ಯಕೀಯಕ್ಕೆ ಬರೆಯುವ ನೀಟ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಭಾಷೆಯ ಹೆದರಿಕೆಯಿಂದ ಹಿಂದೆ ಸರಿಯಬೇಕಾಗಿಲ್ಲ.

ತಪ್ಪು ಎಂದು ತಿಳಿದಾಗ

ಇಷ್ಟೆಲ್ಲ ನೋಡಿಯೂ ಕೆಲವರಿಗೆ ಓದು ಒಗ್ಗದೆ ಹೋಗಬಹುದು. ರಜೆಗೆ ಬಂದ ಮಗ ಕಾಲೇಜಿನ ಮಾತೆತ್ತಿದರೆ ಎದ್ದುಹೋಗುತ್ತಾನೆ, ಫಲಿತಾಂಶ ಮುಚ್ಚಿಡುತ್ತಾನೆ, ಸರಿಯಾಗಿ ಊಟ ಮಾಡುವುದಿಲ್ಲ. ಇಂಥ ಲಕ್ಷಣ ಕಂಡರೆ ‘ಇಷ್ಟು ದುಡ್ಡು ಸುರಿದೆನಲ್ಲ’ ಎಂದು ಗದರಬೇಡಿ. ಮೊಳಕೆ ಬರದ ಹೊಲವನ್ನು ಹದವಿರುವಾಗಲೇ ಹರಗಿ ಬೇರೆ ಬಿತ್ತುವಂತೆ, ಮೊದಲ ವರ್ಷದಲ್ಲೇ ಬದಲಿಸುವುದು ಮೂರನೆಯ ವರ್ಷದಲ್ಲಿ ಕೈಬಿಡುವುದಕ್ಕಿಂತ ಲೇಸು. ಪಾಠ ಕಷ್ಟವೋ, ಇಂಗ್ಲಿಷ್ ಕಷ್ಟವೋ, ಹಾಸ್ಟೆಲಿನ ತೊಂದರೆಯೋ ಎಂದು ಮೊದಲು ಕೇಳಿ ತಿಳಿಯಿರಿ. ಇಂಗ್ಲಿಷ್ ಒಂದೇ ತೊಡಕಾದರೆ ಆರು ತಿಂಗಳಲ್ಲಿ ದಾರಿಗೆ ಬರಬಹುದು, ಓದೇ ಬೇಡವೆನಿಸಿದ್ದರೆ ಬದಲಿಸಬೇಕು.

ಪರೀಕ್ಷೆಯಲ್ಲಿ ನಪಾಸಾದ ಮಕ್ಕಳಿಗೂ ಇದೇ ಸಮಾಧಾನ ಬೇಕು. ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದು ಪರೀಕ್ಷೆ ಕೈಕೊಟ್ಟ ಮಾತ್ರಕ್ಕೆ ವರ್ಷ ಪೂರ್ತಿ ಹಾಳಾಗುವುದಿಲ್ಲ.

ಅರ್ಜಿ ತುಂಬುವ ಮೊದಲು ಒಂದು ಸಂಜೆ ದೀಪ ಹಚ್ಚಿದ ಮೇಲೆ ತಂದೆ, ತಾಯಿ, ಮಗು ಒಟ್ಟಿಗೆ ಕುಳಿತು ಒಂದು ಹಾಳೆ ತೆಗೆದುಕೊಳ್ಳಿ. ಮಗುವಿಗೆ ಇಷ್ಟದ ಕೆಲಸ, ಚೆನ್ನಾಗಿ ಬರುವ ಪಾಠ, ಆ ಓದಿನ ವರ್ಷಗಳು, ಒಟ್ಟು ಖರ್ಚು ಎಂದು ನಾಲ್ಕು ಸಾಲು ಬರೆಯಿರಿ. ಒಂದೇ ಓದನ್ನಲ್ಲ, ಮೂರು ಓದುಗಳನ್ನು ಹೀಗೆ ಬರೆದು ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಎರಡು ಸಾಲನ್ನು ಮಗುವೇ ಬರೆಯಲಿ. ಹಾಳೆಯನ್ನು ಶಾಲೆಯ ಮೇಷ್ಟರಿಗೆ ತೋರಿಸಿ, ಅವರ ಮಾತು ಕೇಳಿದ ಮೇಲೆಯೇ ಅರ್ಜಿ ಹಾಕಿರಿ.